ಏಳನೇ ಸಾಲಿನ ಖಾಲಿ ಕುಣಿ

"ನಿನಗಿಂತ ಕತ್ತೆ ವಾಸಿ ಕಣೋ. ಕತ್ತೆ ಬರೀ ಹೊರುತ್ತೆ. ಹೊತ್ತ ಮೂಟೆಯೊಳಗೆ ಬಾಯಿ ಹಾಕಲ್ಲ."

ಡಾಕ್ಟರ್ ಶ್ರೀಕರ ಈ ಮಾತು ಆಡಿದ್ದು ಕೇಂದ್ರದ ದೊಡ್ಡ ಹಾಲಿನಲ್ಲಿ, ಮಟಮಟ ಮಧ್ಯಾಹ್ನ. ಎದುರಿಗೆ ಹದಿನಾಲ್ಕು ಮಂದಿ ಕೆಲಸದ ಹೆಂಗಸರು, ಬೆಂಗಳೂರಿನಿಂದ ತನಿಖೆಗೆ ಬಂದ ಮೂವರು, ಟೆಕ್ನಿಶಿಯನ್ ನದೀಮ. ನಡುವೆ ನಾನು, ನೀಲಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದೆ. ಹಿಂದಿನ ಗೋಡೆಯ ಮೇಲೆ ಒಂದು ಟ್ರೇಯ ಚಿತ್ರ ಆಳೆತ್ತರಕ್ಕೆ ಬಿದ್ದಿತ್ತು. ಹೆಂಗಸರ ಸಾಲಿನಲ್ಲಿ ಮೂರನೆಯವಳು ನನ್ನ ಅವ್ವ, ಹೊನ್ನವ್ವ. ನನ್ನ ತಂಗಿ ಕಸ್ತೂರಿ ಸತ್ತು ಹದಿನಾರು ದಿನ ಆಗಿತ್ತು.

"ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ಓಡಿದವನ ಕೈಗೆ ಜೀವ ಹೊರೋ ಕೆಲಸ ಕೊಟ್ಟೆವಲ್ಲ, ಮೊದಲು ನಮ್ಮನ್ನ ಹೊಡೀಬೇಕು," ಅಂದ ಡಾಕ್ಟರು.

ನನ್ನದು ಸುಮ್ಮನಿರುವ ಬಾಯಲ್ಲ. ಎಂಟನೇ ಕ್ಲಾಸಿನಲ್ಲಿ ಗಣಿತದ ಮಾಸ್ತರು, "ಇವನ ಅವ್ವ ಮಂದಿ ನರ್ಸರಿಯಾಗ ಸಸಿ ಕೀಳ್ತಾಳ, ಇವ ಇಲ್ಲಿ ಅಕ್ಷರ ಕೀಳಾಕ ಬಂದಾನ" ಅಂತ ಇಡೀ ಕ್ಲಾಸು ನಗಿಸಿದರು. "ನಿಮ್ಮ ಮನ್ಯಾಗ ಮೆಣಸಿನಕಾಯಿ ತಿಂತೀರಲ್ರಿ, ಅದನ್ನ ಯಾರ್ ಹಚ್ಚ್ಯಾರ ಕೇಳ್ರಿ" ಅಂದು ಪಾಟಿಚೀಲ ಅಲ್ಲೇ ಬಿಸಾಕಿ ಬಂದವನು ನಾನು. ಮತ್ತೆ ಆ ಕಡೆ ಹಾಯಲಿಲ್ಲ. ಬಸ್ಸಿನ ಕಂಡಕ್ಟರಿಗೆ, ನರ್ಸರಿ ಮಾಲೀಕನಿಗೆ, ಒಮ್ಮೆ ಪೊಲೀಸಿನವನಿಗೂ ಉತ್ತರ ಕೊಟ್ಟು ಏಟು ತಿಂದಿದ್ದೇನೆ. ಉತ್ತರ ಮಾತ್ರ ಬಾಕಿ ಇಟ್ಟವನಲ್ಲ.

ಅವತ್ತು ಯಾಕೆ ಬಾಯಿ ಬರಲಿಲ್ಲ ಅನ್ನುವುದನ್ನು ಬರೆಯುತ್ತಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ. ಓದಿ ಹೇಳುವವಳು ಮನೆಯಲ್ಲಿ ಒಬ್ಬಳಿದ್ದಳು, ಈಗ ಅವಳೂ ಇಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನ ಹೊರಗೆ, ಹೆದ್ದಾರಿಯ ಪಕ್ಕ, ಮೊದಲು ಬೀಜದ ಗೋದಾಮು ಇದ್ದ ಜಾಗದಲ್ಲಿ ಆ ಕೇಂದ್ರ ಬಂದು ನಾಲ್ಕು ವರ್ಷ. ಒಳಗೆ ಏನು ಮಾಡುತ್ತಾರೆ ಅಂತ ನನಗೆ ಅರ್ಥವಾಗುವಂತೆ ಹೇಳಿದ್ದು ಡಾಕ್ಟರಲ್ಲ, ಕಸ್ತೂರಿ. ಆಗ ಅವಳು ಪಿಯುಸಿ ಸೈನ್ಸು ಓದುತ್ತಿದ್ದಳು, ಆರೋಗ್ಯವಾಗಿದ್ದಳು.

"ಅಣ್ಣಾ, ಎದಿ ಎಲುವಿನ ಹಿಂದ ಒಂದು ಸಣ್ಣ ಗ್ರಂಥಿ ಐತಿ. ಥೈಮಸ್ ಅಂತ. ರಕ್ತದಾಗಿನ ಬಿಳಿಕಣಕ್ಕ ಅದು ಸಾಲಿ ಇದ್ದಂಗ. ನಮ್ಮವರು ಯಾರು, ಹೊರಗಿನ ಕಳ್ಳರು ಯಾರು ಅಂತ ಅಲ್ಲೇ ಕಲಿಯೂದು. ನಮ್ಮ ಮೈಯನ್ನ ಕಚ್ಚೂ ಬಿಳಿಕಣಾನ ಅಲ್ಲೇ ತೆಗೀತಾರ. ನೂರಕ್ಕ ಎರಡೋ ಮೂರೋ ಪಾಸು."

"ಅಲ್ಲೂ ಫೇಲ್ ಮಾಡ್ತಾರೇನ?"

"ಫೇಲ್ ಆದ್ರ ಕೊಂದಾ ಬಿಡ್ತಾರ. ನಿನ್ನ ನಸೀಬ ಚಲೋ ಇತ್ತು, ನಿನಗ ಬರೇ ಬೆತ್ತ ಸಿಕ್ತು."

ವಯಸ್ಸಾದ ಹಾಗೆ ಆ ಗ್ರಂಥಿ ಬತ್ತುತ್ತದೆಯಂತೆ. ಬಿಳಿಕಣಗಳೇ ಕೆಟ್ಟು ರೋಗವಾದಾಗ, ಔಷಧಿ ಕೊಟ್ಟು ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ಸುಟ್ಟಾಗ, ಹೊಸ ಬಿಳಿಕಣ ಬರಬೇಕು, ಅವಕ್ಕೆ ಮತ್ತೆ ಬುದ್ಧಿ ಕಲಿಸಬೇಕು. ಮೈಯೊಳಗೆ ಬತ್ತಿದ ಆ ಶಾಲೆಯನ್ನು ಗಾಜಿನ ಟ್ರೇಯಲ್ಲಿ ಮೈಯ ಹೊರಗೇ ನಡೆಸಿದರೆ ಹೇಗೆ? ಅದೇ ಹೊರಗ್ರಂಥಿ. ಒಂದು ಟ್ರೇಯಲ್ಲಿ ತೊಂಬತ್ತಾರು ಕುಣಿ, ಅಂದರೆ ಸಣ್ಣ ಗುಳಿ, ಎಂಟು ಸಾಲು. ಒಂದೊಂದು ಕುಣಿಯ ತಳದಲ್ಲಿ ರೋಗಿಯ ಮೈಯದೇ ತೆಳ್ಳನೆ ಪದರ. ಅದರ ಮೇಲೆ ರೋಗಿಯ ಮಜ್ಜೆಯಿಂದ ತೆಗೆದು ಬೆಳೆಸಿದ ಒಂದೇ ಒಂದು ಎಳೆಯ ಬಿಳಿಕಣ. ಮೂರು ದಿನ ಕಾಯುವುದು. ಪದರವನ್ನು ಮುಟ್ಟಿ ಸರಿದು ಹೋದರೆ ಅದು ಉಳಿಯಬಹುದು. ಕಚ್ಚಿ ಹಿಡಿದರೆ ಹೀರಿ ಒಗೆಯಬೇಕು. ಮೊದಲೇ ಒಂದು ಸಲ ಸೋಸಿ ತಂದ ಕಣವಾದ್ದರಿಂದ ಕಚ್ಚುವವು ಟ್ರೇಗೆ ನಾಲ್ಕೈದು ಮಾತ್ರ. ಪಾಸಾದವನ್ನು ಲಕ್ಷಗಟ್ಟಲೆ ಬೆಳೆಸಿ ರೋಗಿಯ ರಕ್ತಕ್ಕೆ ಬಿಡುತ್ತಾರೆ. ಒಬ್ಬ ರೋಗಿಗೆ ನಲವತ್ತು ಟ್ರೇ.

ಹೀರುವ ಕೆಲಸ ಮೊದಲು ಯಂತ್ರದ್ದಿತ್ತು. ಯಂತ್ರ ಹೀರಿದ ರಭಸಕ್ಕೆ ಪಕ್ಕದ ಪದರ ಹರಿಯುತ್ತಿತ್ತು, ಒಳ್ಳೆಯ ಕಣಗಳೂ ಒಡೆಯುತ್ತಿದ್ದವು. ಆಗ ಯಾರಿಗೋ ನಮ್ಮ ಕಡೆಯ ಹೆಂಗಸರು ನೆನಪಾದರು. ಟೊಮೆಟೊ ಹೂವು ಅರಳುವ ಮೊದಲೇ ಚಿಮಟದಿಂದ ಗಂಡು ಭಾಗ ಕಿತ್ತು, ಹೆಣ್ಣು ಭಾಗಕ್ಕೆ ಗೀರೂ ತಾಗದಂತೆ ಕ್ರಾಸಿಂಗ್ ಮಾಡುವ ಕೈಗಳು. ಕ್ರಾಸಿಂಗ್ ಸೀಜನ್ ಮುಗಿದರೆ ನರ್ಸರಿಯಲ್ಲಿ ಮೆಣಸಿನ ಸಸಿಯ ಟ್ರೇ ಹಸನು ಮಾಡುವ ಕೈಗಳು. ಅವ್ವ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವಳು. ಭೂತಗನ್ನಡಿಯ ಕೆಳಗೆ ಕೂದಲಿಗಿಂತ ಸಣ್ಣ ಗಾಜಿನ ಕಡ್ಡಿ ಹಿಡಿದು ಕೂತಳೆಂದರೆ ಉಸಿರಾಡುವುದೂ ಕಾಣುತ್ತಿರಲಿಲ್ಲ.

ಮೂರು ದಿನ ತರಬೇತಿ. ಕಚ್ಚೋದನ್ನ ತೆಗೀರಿ, ನಡೆಯೋದನ್ನ ಬಿಡ್ರಿ, ಅಷ್ಟೇ. ಉಳಿದದ್ದೆಲ್ಲ ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ್ದರು. ಹನ್ನೊಂದು ನಿಯಮ. ಹೆಂಗಸರು ಅದರ ಮೇಲಿನ ಧೂಳು ಒರೆಸುತ್ತಿದ್ದರು.

"ನನ್ನ ಗಂಡನ್ನ ಒಂದು ಕುಣ್ಯಾಗ ಬಿಡ್ರಿ ಸಾಹೇಬ್ರ," ಅಂದಿದ್ದಳು ಅವ್ವನ ಜೊತೆಗಾತಿ ಪಾರಕ್ಕ, ಮೊದಲ ದಿನವೇ. "ಮೂರ್ ದಿನ ಕಾಯೂದು ಬ್ಯಾಡ. ಬಿಟ್ಟ ಗಳಿಗ್ಯಾಗ ಕಚ್ಚತಾನ." ಆಗ ಡಾಕ್ಟರ್ ಶ್ರೀಕರನೂ ನಕ್ಕಿದ್ದ. ಅವನೂ ಒಂದು ಕಾಲದಲ್ಲಿ ನಗುತ್ತಿದ್ದ, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ನನ್ನ ಕೆಲಸ ಹೊರುವುದು. ಬೆಳಿಗ್ಗೆ ಬೆಚ್ಚನೆಯ ಕಪಾಟಿನಿಂದ ಟ್ರೇ ತೆಗೆದು ಚಿತ್ರ ತೆಗೆಯುವ ಯಂತ್ರಕ್ಕೆ, ಅಲ್ಲಿಂದ ಹೆಂಗಸರ ಮೇಜಿಗೆ, ಸಂಜೆ ಮತ್ತೆ ಯಂತ್ರಕ್ಕೆ, ಆಮೇಲೆ ಕಪಾಟಿಗೆ. ಟ್ರೇಯ ಮೇಲೆ ನಂಬರು ಮಾತ್ರ, ರೋಗಿಯ ಹೆಸರಿಲ್ಲ. ಗುಟ್ಟು ಕಾಪಾಡಲಿಕ್ಕಂತೆ. ಹೊತ್ತವನ ಸಹಿ ಬೇಕು. ಯಾವ ಟ್ರೇಗೆ ಯಾವ ಹೆಂಗಸು ಕೂತಳು ಅಂತ ಎಲ್ಲೂ ಬರೆಯುತ್ತಿರಲಿಲ್ಲ. ದಿನಗೂಲಿಯವರು, ಯಾರು ಕೂತರೇನು ಅಂತ. ಅವರ ಹಾಜರಿ ಹಾಳೆಯಲ್ಲಿ 'ಕೈಗಳು: ಹದಿನಾಲ್ಕು' ಅಂತ ಇರುತ್ತಿತ್ತು. ದೇವರಾಣೆಗೂ ಹಾಗೇ ಇರುತ್ತಿತ್ತು.

ಕಸ್ತೂರಿಯ ಕುತ್ತಿಗೆಯಲ್ಲಿ ಗಂಟು ಕಂಡದ್ದು ಯುಗಾದಿಯ ಎಣ್ಣೆಸ್ನಾನಕ್ಕೆ. ಅವ್ವ ಎಣ್ಣೆ ತಿಕ್ಕುತ್ತಾ ಬೆರಳು ನಿಲ್ಲಿಸಿದಳು. ಎಡಗಿವಿಯ ಕೆಳಗೆ ಒಂದು, ಕಂಕುಳಲ್ಲಿ ಎರಡು. ನೋವಿಲ್ಲ, ಜ್ವರವಿಲ್ಲ. ಹುಬ್ಬಳ್ಳಿಯಲ್ಲಿ ಸೂಜಿ ಹಾಕಿ ನೋಡಿ ಹೇಳಿದರು: ಬಿಳಿಕಣದ ಕ್ಯಾನ್ಸರು, ಹಾಲುರಸ ಗ್ರಂಥಿಗಳಲ್ಲಿ ಕೂತಿದೆ.

ಬೇಸಿಗೆ, ಮಳೆಗಾಲ ಎಲ್ಲ ಔಷಧಿಯಲ್ಲೇ ಹೋಯಿತು. ಕೂದಲು ಹೋಯಿತು. ಗಂಟು ಕರಗಿದವು. ಜೊತೆಗೆ ಅವಳ ಮೈ ಕಾಯುವ ಬಿಳಿಕಣ ಒಂದೂ ಉಳಿಯಲಿಲ್ಲ. ಹೊರಗ್ರಂಥಿಗೆ ಅವಳ ಹೆಸರು ಬರೆಸಿದೆವು. ಕಣ ತಯಾರಾಗುವ ತನಕ ನಮ್ಮ ಒಂದೂವರೆ ಖೋಲಿಯ ಮನೆಯಲ್ಲೇ ಕೇಂದ್ರದವರು ಪ್ಲಾಸ್ಟಿಕ್ ಪರದೆಯ ಸಣ್ಣ ಕೋಣೆ ಕಟ್ಟಿ, ಗಾಳಿ ಸೋಸುವ ಫ್ಯಾನು ಹಚ್ಚಿ ಹೋದರು. ಒಳಗೆ ಅವಳು, ಹೊರಗೆ ನಾವು. ಒಬ್ಬರೂ ಮುಟ್ಟುವ ಹಾಗಿಲ್ಲ.

"ಬೇ, ಒಳಗ ಬರಬ್ಯಾಡ. ಅಲ್ಲೇ ಕುಂಡ್ರು," ಅವ್ವನಿಗೆ ಅನ್ನುತ್ತಿದ್ದಳು ಕಸ್ತೂರಿ. ಅವ್ವ ಕೆಲಸದಿಂದ ಬಂದು ಪರದೆಗೆ ಹಣೆ ಹಚ್ಚಿ ಕೂರುತ್ತಿದ್ದಳು. ಇವಳು ಒಳಗಿನಿಂದ ಅದೇ ಜಾಗಕ್ಕೆ ಅಂಗೈ ಇಡುತ್ತಿದ್ದಳು.

"ಇಡೀ ದಿನ ಮಂದಿ ಮಕ್ಕಳ ಜೀವ ಮುಟ್ಟತೇನಿ. ನನ್ನ ಮಗಳ ತಲಿ ಮುಟ್ಟಾಂಗಿಲ್ಲ."

"ತಲಿ ಮ್ಯಾಲ ಏನೈತಿ ಮುಟ್ಟಾಕ? ಕುಂಬಳಕಾಯಿ ಆಗೇತಿ," ಅಂದು ಕಸ್ತೂರಿ ತಲೆ ಸವರಿಕೊಂಡು ನಗುತ್ತಿದ್ದಳು. "ಕೂದಲು ಬರಲಿ, ನಿನಗ ಹೆಣಿಯಾಕ ಕೊಡ್ತೇನಿ. ಎರಡು ಜಡಿ."

ಶೀಗಿ ಹುಣ್ಣಿವೆಯ ಮರುದಿನ. ದಿನ ಗಟ್ಟಿಯಾಗಿ ನೆನಪಿದೆ, ಯಾಕೆಂದರೆ ಊಟದ ಡಬ್ಬಿಯಲ್ಲಿ ಹಬ್ಬದ ಕಡುಬು ಉಳಿದಿತ್ತು. ಕೇಂದ್ರದ ಬಾಗಿಲ ಎದುರಿನ ಬೇವಿನ ಮರದ ಕೆಳಗೆ ನಾನೂ ಅವ್ವನೂ ಕೂತಿದ್ದೆವು. ಅವ್ವ ಖುಷಿಯಲ್ಲಿದ್ದಳು. ತಿಂಗಳುಗಟ್ಟಲೆ ಕಾಣದ ಖುಷಿ.

"ಇವತ್ತೊಂದು ಟ್ರೇ ಬಂದಿತ್ತು ನೋಡ. ಏಳನೇ ಸಾಲಾಗ ಒಂದು ಕುಣಿ ಬರಿದು. ಬಾಜೂ ಕುಣ್ಯಾಗ ಎರಡು ಕಣ. ಎಂಥಾ ಹುರುಪು ಅಂತಿ! ನಮ್ಮ ಮೆಣಸಿನ ಟ್ರೇದಾಗ ಒಂದ ಕುಣ್ಯಾಗ ಎರಡು ಸಸಿ ಏಳತಾವಲ್ಲ, ಹಂಗ. ಒಂದನ್ನ ಹಗೂರಕ ಎತ್ತಿ ಬರಿದು ಕುಣ್ಯಾಗ ಕೂಡಿಸಿದೆ. ಸಾಲು ತುಂಬಿತು."

ನರ್ಸರಿಯಲ್ಲಿ ಯಾರೂ ಖಾಲಿ ಕುಣಿ ಬಿಟ್ಟು ಮೇಲೇಳುವುದಿಲ್ಲ. ಒಂದರಲ್ಲಿ ಎರಡು ಮೊಳೆತು ಪಕ್ಕದ್ದು ಹುಸಿ ಹೋಗಿದ್ದರೆ, ಜೋರಾಗಿ ಎದ್ದದ್ದನ್ನು ಕಡ್ಡಿಯಿಂದ ಎಬ್ಬಿಸಿ ಪಕ್ಕಕ್ಕೆ ನೆಡಬೇಕು. ಅದನ್ನು ಯಾರೂ ಹೇಳಿಕೊಡುವುದಿಲ್ಲ, ಕೈಗೇ ಗೊತ್ತಿರುತ್ತದೆ. ಖಾಲಿ ಕುಣಿ ಬಿಡುವವಳು ಕೆಲಸಗಳ್ಳಿ.

ನಾನು ಕಡುಬು ಅಗಿಯುತ್ತಾ ನಕ್ಕೆ. "ಚಲೋ ಮಾಡಿದಿ ಬೇ," ಅಂದೆ.

"ಯಾರ ಮಕ್ಕಳದೋ ಏನೋ. ಬರಿದಾದ ಕುಣಿ ನೋಡಿದ್ರ ಹೊಟ್ಟಿ ಚುರ್ ಅಂತೈತಿ."

ಚಲೋ ಮಾಡಿದಿ ಬೇ. ನನ್ನ ಬಾಯಿಂದಲೇ ಬಂದ ಮಾತು.

ದೀಪಾವಳಿ ಮುಗಿದ ವಾರ ಕಸ್ತೂರಿಗೆ ಹೊಸ ಬಿಳಿಕಣ ಹಾಕಿದರು. ಒಂದು ಚೀಲ, ಹಾಲಿನಲ್ಲಿ ನೀರು ಬೆರೆಸಿದ ಬಣ್ಣ. ಎಳ್ಳಮಾವಾಸ್ಯೆಗೆ ಪರದೆ ಬಿಚ್ಚಿದರು. ಅವ್ವ ಓಡಲಿಲ್ಲ. ಮೆಲ್ಲಗೆ ಹೋಗಿ, ಕೈ ಸೀರೆಗೆ ಒರೆಸಿಕೊಂಡು, ಅವಳ ತಲೆಯ ಮೇಲೆ ಇಟ್ಟಳು. ಬೆರಳುದ್ದ ಕೂದಲು ಬಂದಿತ್ತು. ಅಷ್ಟಕ್ಕೇ ರಿಬ್ಬನ್ ಕಟ್ಟಲು ನೋಡಿ ಸೋತು ಇಬ್ಬರೂ ನಕ್ಕದ್ದು ಇವತ್ತಿಗೂ ಕಿವಿಯಲ್ಲಿದೆ. ಸಂಕ್ರಾಂತಿಗೆ ಕಸ್ತೂರಿ ಓಣಿಯಲ್ಲೆಲ್ಲ ತಿರುಗಾಡಿ ಎಳ್ಳು ಕೊಟ್ಟು ಬಂದಳು.

ಸಂಕ್ರಾಂತಿಯಾಗಿ ಒಂಬತ್ತು ದಿನಕ್ಕೆ, ತಲೆಗೆ ಎಣ್ಣೆ ಹಚ್ಚುತ್ತಿದ್ದ ಅವ್ವನ ಬೆರಳು ಮತ್ತೆ ನಿಂತಿತು. ಅದೇ ಎಡಗಿವಿಯ ಕೆಳಗೆ.

ಈ ಸಲದ ಗಂಟು ದಿನಕ್ಕೊಂದು ಸುತ್ತು ಬೆಳೆಯಿತು. ಉಸಿರಿನ ದಾರಿಗೆ ಒತ್ತಿತು. ಔಷಧಿ ಕೇಳಲಿಲ್ಲ. ಕೊನೆಕೊನೆಗೆ ಮಾತು ಹೋಗಿ, ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳು. "ಅಣ್ಣಾ, ನನ್ನ ಸಾಲ್ಯಾಗ ಯಾವನೋ ಕಳ್ಳ ಪಾಸಾಗ್ಯಾನ" ಅಂತ ಒಮ್ಮೆ ಬರೆದಳು. ನಾನು ಓದಿ ಅಳಿಸಿದೆ. ಅವ್ವ, "ಏನ್ ಬರದಾಳೋ?" ಅಂದಳು. "ನೀರು ಬೇಕಂತ," ಅಂದೆ. ಅವ್ವ ನೀರು ತಂದಳು. ಕಸ್ತೂರಿಗೆ ನುಂಗಲು ಆಗುತ್ತಿರಲಿಲ್ಲ. ಆದರೂ ನನ್ನ ಮುಖ ನೋಡಿ, ತುಟಿ ಒದ್ದೆ ಮಾಡಿಕೊಂಡಳು.

ಮಾಘದ ಒಂದು ಮಂಗಳವಾರ ಬೆಳಗಿನ ಹನ್ನೊಂದಕ್ಕೆ ಹೋದಳು. ಹದಿನೇಳು ವರ್ಷ.

ಹದಿನೈದನೆಯ ದಿನ ನದೀಮ ನನ್ನನ್ನು ಚಿತ್ರದ ಕೋಣೆಗೆ ಕರೆದ. ಅಲ್ಲಿ ಗೋಡೆತುಂಬ ಪರದೆಗಳು, ಕೇಂದ್ರದ ಎಲ್ಲ ಟ್ರೇಗಳ ಚಿತ್ರ ಅಲ್ಲಿಗೇ ಬಂದು ಬೀಳುತ್ತವೆ. ಅವನು ಹರಿಹರದವನು, ಒಳ್ಳೆಯವನು, ನಾನು ಮಾತಾಡಿದರೆ ಹೆದರುವವನು.

"ಗುಡ್ಡಪ್ಪಾ, ನಾಳೆ ಎಲ್ಲರ ಮುಂದೆ ಕೇಳ್ತಾರೆ. ಮೊದಲು ನೀನು ನೋಡಿರಬೇಕು ಅನಿಸ್ತು." ಎರಡು ಚಿತ್ರ ಪಕ್ಕಪಕ್ಕ ಹಾಕಿದ. "ನಿನ್ನ ತಂಗಿಯ ಗಂಟಿನಲ್ಲಿ ಸಿಕ್ಕ ಕಣ ಎಲ್ಲವೂ ಒಂದೇ ಕಣದ ಸಂತಾನ. ಅದು ಬಂದಿದ್ದು ಈ ಟ್ರೇಯಿಂದ. ಇದು ಬೆಳಗಿನ ಚಿತ್ರ, ಇದು ಸಂಜೆಯದು. ಏಳನೇ ಸಾಲು ನೋಡು."

ನೋಡಿದೆ. ಬೆಳಿಗ್ಗೆ ಒಂದು ಕುಣಿಯಲ್ಲಿ ಎರಡು ಬಿಳಿ ಚುಕ್ಕೆ, ಪಕ್ಕದ್ದು ಖಾಲಿ. ಸಂಜೆ ಎರಡರಲ್ಲೂ ಒಂದೊಂದು.

"ಒಳ್ಳೆ ಕಣ ಮೂರು ದಿನದಲ್ಲಿ ಎರಡಾಗಲ್ಲ," ಅಂದ ನದೀಮ. "ಎರಡಾಯ್ತು ಅಂದ್ರೆ ಅದು ಹಳೇ ರೋಗದ್ದೇ, ಮಜ್ಜೆಯಲ್ಲಿ ಅಡಗಿ ಉಳಿದಿದ್ದು. ಯಂತ್ರ ನೋಡೋದು ಸಂಜೆ ಚಿತ್ರ ಒಂದನ್ನೇ. ಬೆಳಗಿಂದು ಬರೀ ಕಡತಕ್ಕೆ, ಯಾರೂ ತೆಗೆದು ನೋಡಲ್ಲ. ಕುಣಿಯಲ್ಲಿ ಎರಡು ಕಂಡರೆ ಇಡೀ ಟ್ರೇ ಸುಡ್ತದೆ. ಒಂದೊಂದೇ ಇದ್ದರೆ ಪಾಸು. ಇದನ್ನ ಯಾರೋ ಸರಿಸಿದ್ದಾರೆ. ಆ ಟ್ರೇಗೆ ಯಾರು ಕೂತಿದ್ದರು, ನೆನಪಿದೆಯಾ?"

ಚಿತ್ರದ ಮೂಲೆಯಲ್ಲಿ ತಾರೀಖು ಇತ್ತು. ಶೀಗಿ ಹುಣ್ಣಿವೆಯ ಮರುದಿನ. ನನ್ನ ಬಾಯಿಗೆ ಕಡುಬಿನ ಬೆಲ್ಲದ ರುಚಿ ಬಂತು.

"ಇಲ್ಲ," ಅಂದೆ.

"ದಾಖಲೆಯಲ್ಲಿರೋದು ನಿನ್ನ ಸಹಿ ಒಂದೇ."

ಹೊರಗೆ ಬಂದು ಬೇವಿನ ಮರಕ್ಕೆ ಮೂರು ಸಲ ಗುದ್ದಿದೆ, ಗೆಣ್ಣು ಒಡೆದು ರಕ್ತ ಬಂತು. ಯಾರನ್ನು ಗುದ್ದಬೇಕಿತ್ತೋ ಗೊತ್ತಾಗಲಿಲ್ಲ. ಖಾಲಿ ಕುಣಿ ಖಾಲಿಯೇ ಇರಲಿ ಅಂತ ಆ ಹೆಂಗಸರಿಗೆ ಅವರ ಮಾತಿನಲ್ಲಿ ಒಂದು ಸಲ ಹೇಳಿದ್ದರೆ ಸಾಕಿತ್ತು. ಟ್ರೇಯ ಮೇಲೆ ಕಸ್ತೂರಿ ಅಂತ ಮೂರಕ್ಷರ ಇದ್ದಿದ್ದರೆ ಸಾಕಿತ್ತು, ನಾನು ಓದಿ ಹೇಳುತ್ತಿದ್ದೆ, ಅವ್ವ ಅದನ್ನು ಎದೆಗವಚಿಕೊಂಡು ಕೂರುತ್ತಿದ್ದಳೇ ಹೊರತು ಕಡ್ಡಿ ತಾಗಿಸುತ್ತಿರಲಿಲ್ಲ. ಮೂರು ತಿಂಗಳಿಗೂ ಮಿಕ್ಕಿ ಮಗಳ ಮೈ ಮುಟ್ಟದೆ ಪರದೆಗೆ ಹಣೆ ಹಚ್ಚಿ ಕೂತವಳು. ಅಷ್ಟು ದಿನದಲ್ಲಿ ಅವ್ವ ಕಸ್ತೂರಿಯನ್ನು ಮುಟ್ಟಿದ್ದು ಆ ಒಂದೇ ಸಲ.

ಮನೆಗೆ ಹೋದಾಗ ಅವ್ವ ಕಸ್ತೂರಿಯ ರಿಬ್ಬನ್ನು ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ನನ್ನ ಕೈ ನೋಡಿ, "ಯಾರ ಕೂಡ ಜಗಳಾಡಿದೆಲೇ?" ಅಂದು ಅರಿಶಿಣ ಹಚ್ಚಿದಳು. ಎಷ್ಟು ಹಗುರ ಬೆರಳು. ಗಾಯಕ್ಕೆ ತಾಗಿದ್ದೇ ತಿಳಿಯಲಿಲ್ಲ.

ಈಗ ಹಾಲಿನಲ್ಲಿ, ಗೋಡೆಯ ಮೇಲೆ ಬಿದ್ದಿದ್ದದ್ದು ಸಂಜೆಯ ಚಿತ್ರ. ಏಳನೇ ಸಾಲು ತುಂಬಿ ನಿಂತಿತ್ತು.

"ಇದು ಸತ್ತುಹೋದ ಹುಡುಗಿಯ ಟ್ರೇ," ಅಂದ ಡಾಕ್ಟರ್ ಶ್ರೀಕರ, ಹೆಂಗಸರ ಕಡೆ ತಿರುಗಿ. "ಇದರಲ್ಲಿ ಯಾರೋ ಕೈಯಾಡಿಸಿದ್ದಾರೆ. ಇದನ್ನ ಹೊತ್ತವನು ಇವನು. ಇನ್ನೂ ಇಪ್ಪತ್ತೊಂಬತ್ತು ಜನ ರೋಗಿಗಳಿದ್ದಾರೆ, ಅವರ ಅಪ್ಪ ಅಮ್ಮಂದಿರಿಗೆ ನಾನು ಏನು ಹೇಳಲಿ?" ಅವನು ಅಂಗೈಯಿಂದ ಕಣ್ಣು ಒರೆಸಿಕೊಂಡ. ಅದು ನಾಟಕವಾಗಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ನಮ್ಮ ಹುಡುಗ ಅಂಥಾವಲ್ರಿ ಸಾಹೇಬ್ರ," ಅಂದಳು ಪಾರಕ್ಕ. "ಬಾಯಿ ಹೊಲಸು, ಕೈ ಹೊಲಸಲ್ಲ."

"ನೀನು ಸುಮ್ಮನಿರಮ್ಮ." ಡಾಕ್ಟರು ನನ್ನ ಹತ್ತಿರ ಬಂದ. "ಒಪ್ಪಿಕೋ, ಇಲ್ಲಿಗೇ ಮುಗಿಸ್ತೀನಿ. ಹೊರಗೆ ಹೋಗು, ಪೊಲೀಸೂ ಬೇಡ ಏನೂ ಬೇಡ. ನಾನಲ್ಲ ಅಂತೀಯಾ, ಸರಿ, ಬೆಳಗಿನ ಚಿತ್ರಾನೂ ಹಾಕ್ತೀನಿ. ಏನನ್ನ ಎಲ್ಲಿಂದ ಎತ್ತಿ ಎಲ್ಲಿಗೆ ಇಟ್ಟಿದ್ದಾರೆ ಅಂತ ಇವರಿಗೆಲ್ಲ ಕುಣಿ ಕುಣಿ ಬಿಡಿಸಿ ತೋರಿಸ್ತೀನಿ. ಯಾರು ಮಾಡಿದ್ದು ಅಂತ ಅವರೇ ಹೇಳಲಿ."

ನದೀಮನ ಬೆರಳು ಗುಂಡಿಯ ಮೇಲಿತ್ತು.

ನಾನು ಅವ್ವನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಗೋಡೆಯನ್ನು ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷದ ರೂಢಿ, ಟ್ರೇ ಕಂಡರೆ ಎಣಿಸಬೇಕು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ನಾಲ್ಕನೇ ಸಾಲು ಮುಗಿಸಿ ಐದಕ್ಕೆ ಇಳಿದಿದ್ದಳು.

"ಅವ್ವಾ," ಅಂದೆ.

ಅವಳು ಎಣಿಕೆ ಬಿಟ್ಟು ನನ್ನ ಕಡೆ ತಿರುಗಿದಳು. ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಗುಡ್ಡ್ಯಾ, ಅದು ನಿನ್ನ ತಂಗೀ ಟ್ರೇ ಅಂತ. ನೀ ಕೈ ಹಾಕೀ ಏನು?" ದನಿ ಏರಲಿಲ್ಲ. "ಇಲ್ಲ ಅನ್ನ ನನ್ನಪ್ಪಾ. ಒಂದ ಮಾತು. ಇಲ್ಲ ಅಂದ್ಬಿಡು."

ಇಲ್ಲ ಅಂದರೆ ಬೆಳಗಿನ ಚಿತ್ರ ಬರುತ್ತದೆ. ಒಂದು ಕುಣಿಯಲ್ಲಿ ಎರಡು, ಪಕ್ಕದ್ದು ಖಾಲಿ. ಅವ್ವನಿಗೆ ಬಿಡಿಸಿ ಹೇಳುವುದೇ ಬೇಕಿಲ್ಲ. ಹೌದು ಅಂದರೆ, ಹೇಗೆ ಮಾಡಿದಿ ಅಂತ ಅವಳೇ ಕೇಳುತ್ತಾಳೆ, ಮತ್ತು ಅವಳ ಮುಂದೆ ನಾನು ಒಂದು ಸುಳ್ಳನ್ನೂ ಕೊನೆ ಮುಟ್ಟಿಸಿದವನಲ್ಲ.

ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟೆ. ಬಾಗಿಲಿಗೆ ಬಳಸಿ ಹೋಗುವ ದಾರಿ ಇತ್ತು. ನಾನು ಚಿತ್ರ ಬೀಳುವ ಬೆಳಕಿನ ನಡುವಿನಿಂದಲೇ ನಡೆದೆ. ನನ್ನ ನೆರಳು ಗೋಡೆಯ ಮೇಲೆ ಎದ್ದು ಟ್ರೇಯನ್ನು ಪೂರಾ ಮುಚ್ಚಿತು. ಎಲ್ಲರ ಕಣ್ಣೂ ನನ್ನ ಮೇಲೆ ಬಂತು. ಅವ್ವನದೂ.

"ನೋಡಿದ್ರಲ್ಲ," ಅಂದ ಡಾಕ್ಟರು, ದಣಿದವನ ಹಾಗೆ. "ಆರಿಸು ನದೀಮ, ಸಾಕು."

ಟಕ್ ಅಂತ ಗುಂಡಿಯ ಸದ್ದು. ಗೋಡೆ ಬರೀ ಗೋಡೆಯಾಯಿತು.

"ಗುಡ್ಡ್ಯಾ!" ಅವ್ವನ ಕೂಗು. ಆಮೇಲೆ ಪಾರಕ್ಕನ ದನಿ, ಹಿಡಕೋರಿ, ಹಿಡಕೋರಿ ಅಕಿನ್ನ ಅಂತ. ಮತ್ತೆ ಅವ್ವ: "ಯಾಕೋ? ಯಾಕ ಮಾಡಿದೆಪ್ಪಾ? ಅಕಿ ನಿನಗೇನ ಮಾಡಿದ್ಲೋ?"

ಹೊರಗೆ ಬಿಸಿಲು. ಬೇವಿನ ಮರ ದಾಟಿದೆ, ಗೇಟು ದಾಟಿದೆ. ಕೂಗು ಹೆದ್ದಾರಿಯ ತನಕ ಕೇಳುತ್ತಿತ್ತು. ನಾನು ತಿರುಗಲಿಲ್ಲ.